ಅಮ್ಚಿ ಹೇಳದ ಮಾತು

ನಂಜನಗೂಡಿನ ನಮ್ಮ ಚಿಕಿತ್ಸಾಲಯದಲ್ಲಿ ನಾನು ಕೂರುತ್ತಿದ್ದ ಕುರ್ಚಿಗೆ ಈಗ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಮೈಸೂರಿನಲ್ಲಿ ಓದಿದವಳು, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಹೋದ ತಿಂಗಳು ಮನೆಗೆ ಬಂದು, "ಆಂಟಿ, ಆಫೀಸಿನವರು ಕೊಟ್ಟ ಪುಸ್ತಕದಲ್ಲಿ ಕೆಲಸದ ಬಗ್ಗೆ ಎಲ್ಲ ಇದೆ. ಅದರಲ್ಲಿ ಇಲ್ಲದ್ದು ಏನಾದ್ರೂ ಇದ್ರೆ ಹೇಳಿ" ಎಂದಳು. ಇದೆ. ಅದನ್ನು ಬರೆಯಬೇಡಿ ಎಂದು ಹೇಳಿದವರು ಇನ್ನೂ ಬದುಕಿದ್ದಾರೆ. ಅವರೂ ಓದಲಿ.

ಟಿಬೆಟಿನ ವೈದ್ಯರನ್ನು ಅಮ್ಚಿ ಎನ್ನುತ್ತಾರೆ. ನಮ್ಮ ಅಮ್ಚಿ ದೋರ್ಜೆಯವರು ಬೈಲಕುಪ್ಪೆಯ ಕ್ಯಾಂಪಿನಿಂದ ಬರುತ್ತಿದ್ದರು. ವಾರದಲ್ಲಿ ನಾಲ್ಕು ದಿನ ನಂಜನಗೂಡು, ಗುರುವಾರ ತಿ. ನರಸೀಪುರ. ಅವರು ಹಿಂದಿಯಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ರೋಗಿಗೆ ಹೇಳಬೇಕು, ರೋಗಿ ಹೇಳಿದ್ದನ್ನು ಹಿಂದಿಯಲ್ಲಿ ಅವರಿಗೆ ಹೇಳಬೇಕು. ಆಮೇಲೆ ಅವರು ಬರೆದ ಗುಳಿಗೆಗಳನ್ನು ಎಣಿಸಿ ಪೊಟ್ಟಣ ಕಟ್ಟಬೇಕು. ಇಷ್ಟೇ ಕೆಲಸ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ ಅನ್ನುವುದಕ್ಕೂ ಈ ಕೆಲಸಕ್ಕೂ ಮೊದಲ ದಿನ ಏನೂ ಸಂಬಂಧ ಕಾಣಲಿಲ್ಲ. ಕೆಲಸ ಸಿಕ್ಕಿದ್ದಕ್ಕೆ ಊರಿನಲ್ಲಿ ಬೇರೆಯೇ ಕಾರಣ ಹುಡುಕಿದರು. ನಮ್ಮದು ದೇವನೂರು ಕಡೆಯ ಬೌದ್ಧರ ಮನೆ. ನಮ್ಮ ಅಪ್ಪ ಗೋಡೆಗೆ ಬುದ್ಧನ ಪಟ ಹಾಕಿದ ಕಾಲಕ್ಕೆ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. "ಬುದ್ಧನ ಪಟ ಇಟ್ಕಂಡಿದ್ದೋರ್ಗೆ ಬುದ್ಧನೋರು ಕೆಲ್ಸ ಕೊಟ್ರು" ಎಂದು ಬಸ್ಸಿನಲ್ಲಿ ನನಗೆ ಕೇಳುವ ಹಾಗೆಯೇ ಮಾತಾಡಿಕೊಂಡರು. ಅಮ್ಚಿಯವರ ಬುದ್ಧನಿಗೂ ನಮ್ಮ ಬುದ್ಧನಿಗೂ ಎಷ್ಟು ದೂರ ಎಂದು ಅವರಿಗೇನು ಗೊತ್ತು. ನನಗೂ ಗೊತ್ತಿರಲಿಲ್ಲ.

ಮೊದಲ ವರ್ಷ ಒಬ್ಬ ಬಟ್ಟೆ ವ್ಯಾಪಾರಿ ಬಂದರು. ನಾಡಿ ತೋರಿಸಿ ಎದ್ದವರು ಪೊಟ್ಟಣ ತೆಗೆದುಕೊಳ್ಳುವಾಗ ನನ್ನ ಊರು ಕೇಳಿದರು. ಹೇಳಿದೆ. "ಯಾವ ಬೀದಿ?" ಎಂದರು. ಅದನ್ನೂ ಹೇಳಿದೆ. ಅವರು ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟು, ಗುಳಿಗೆಯನ್ನು ಅಮ್ಚಿಯವರೇ ಎಣಿಸಿಕೊಟ್ಟರೆ ವಾಸಿ ಎಂದರು. ನಾನು ಅಷ್ಟನ್ನೂ ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿದೆ. ಅಮ್ಚಿ ಗುಳಿಗೆಯ ಚಮಚವನ್ನು ತೆಗೆದು ನನ್ನ ಕೈಗೆ ಕೊಟ್ಟು, ತಮಗೆ ಬರುವ ಕನ್ನಡದಲ್ಲಿ, "ನಾನು ಲೆಕ್ಕ ತಪ್ಪು ಮಾಡ್ತೀನಿ. ಇವಳು ಮಾಡಲ್ಲ. ನೀನು ಕುಂತ್ಕೋ" ಎಂದರು. ವ್ಯಾಪಾರಿ ಕುಂತರು. ಮಂಡಿನೋವಿಗೆ ಆಮೇಲೆ ಹತ್ತು ವರ್ಷ ನನ್ನ ಕೈಯಿಂದಲೇ ಗುಳಿಗೆ ಇಸಿದುಕೊಂಡರು.

ಅಮ್ಚಿಯವರಿಗೆ ಕನ್ನಡದಲ್ಲಿ ಬಹುವಚನ ಬರುತ್ತಿರಲಿಲ್ಲ. ಸಬ್ ಇನ್ಸ್‌ಪೆಕ್ಟರಿಗೂ "ನೀನು ನಾಲಿಗೆ ತೋರ್ಸು" ಅನ್ನುತ್ತಿದ್ದರು. ತೋರಿಸದವರನ್ನು ನಾನು ಕಾಣಲಿಲ್ಲ.

ನಮ್ಮಲ್ಲಿ ನಾಡಿ ನೋಡುವುದರ ಜೊತೆಗೆ ಬೆಳಗಿನ ಮೊದಲ ಮೂತ್ರವನ್ನೂ ನೋಡುತ್ತಾರೆ. ಬಿಳಿ ಬಟ್ಟಲಿಗೆ ಹೊಯ್ದು ಕಡ್ಡಿಯಿಂದ ಕಡೆದು, ಏಳುವ ಗುಳ್ಳೆ, ಬಣ್ಣ, ವಾಸನೆ ನೋಡುವುದು. ಹಳ್ಳಿಯ ಮೊದಲ ಬಸ್ಸಿಗೆ ಜನ ಸೀಸೆ ಹಿಡಿದು ಬರುತ್ತಿದ್ದರು. ಒಬ್ಬ ಮುದುಕಿಯನ್ನು ಕಂಡಕ್ಟರು, "ಏನಜ್ಜಿ ಅದು ಸೀಸೇಲಿ, ಜೇನಾ?" ಎಂದನಂತೆ. "ಊಂ ಕಣಪ್ಪ, ನಂದೇ ಗೂಡು. ನೆಕ್ತೀಯಾ?" ಎಂದಳಂತೆ. ಅದನ್ನು ಹಿಂದಿಯಲ್ಲಿ ಹೇಳುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ನಾನು ಮಾಡಿದ ಮೊದಲ ದೊಡ್ಡ ಎಡವಟ್ಟು ರೇಷ್ಮೆ ಗುಳಿಗೆಯದು. ಕೆಲವು ಬೆಲೆಬಾಳುವ ಗುಳಿಗೆಗಳನ್ನು ಬಣ್ಣದ ರೇಷ್ಮೆಯ ತುಂಡಿನಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿರುತ್ತಾರೆ. ಹಿಂದಿನ ದಿನವೇ ಪುಡಿ ಮಾಡಿ ಬಿಸಿನೀರಿನಲ್ಲಿ ನೆನೆಹಾಕಿ, ಮುಚ್ಚಿಟ್ಟು, ಬೆಳಗ್ಗೆ ಎದ್ದ ಕೂಡಲೇ ಕುಡಿಯಬೇಕು. ಬಿಳಿಗೆರೆ ಕಡೆಯ ಒಬ್ಬ ಮೇಷ್ಟ್ರಿಗೆ ಮೂರು ಕೊಟ್ಟು, "ಮುಂಜಾನೆ ತಗೊಳ್ಳಿ" ಎಂದಷ್ಟೇ ಹೇಳಿದೆ. ಒಂದು ತಿಂಗಳು ಬಿಟ್ಟು ಬಂದವರು ಅಂಗಿಯ ತೋಳು ಮೇಲೆತ್ತಿದರು. ಮೂರೂ ಗುಳಿಗೆ ರಟ್ಟೆಯಲ್ಲಿದ್ದವು, ಹೊಲಿದ ತಾಯಿತದ ಹಾಗೆ. "ದಿನಾ ಸ್ನಾನ ಮಾಡಿ ಮುಂಜಾನೆ ಕಟ್ಕೋತೀನಿ ಮೇಡಂ. ಪರವಾಗಿಲ್ಲ, ಸ್ವಲ್ಪ ಗುಣ ಕಾಣ್ತಿದೆ" ಎಂದರು. ಅಮ್ಚಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೇಷ್ಟ್ರು ಹೋದ ಮೇಲೆ ನನಗೆ ಹಿಂದಿಯಲ್ಲಿ ಹೇಳಿದರು: "ಅವರ ತಪ್ಪಲ್ಲ. ಬಿಚ್ಚಲಿ, ಪುಡಿ ಮಾಡಲಿ, ನೆನೆಸಿ ಕುಡಿಯಲಿ ಅಂತ ನಾನು ಅಂದೆ. ನೀನು ಮೂರು ಮಾತನ್ನು ಒಂದು ಮಾಡಿದೆ."

ಆವತ್ತಿನಿಂದ ಪೊಟ್ಟಣದ ಮೇಲೆ ಚಿತ್ರ ಬರೆಯತೊಡಗಿದೆ. ಬೆಳಗಿನದಕ್ಕೆ ಗುಡ್ಡದ ಮೇಲೆ ಅರ್ಧ ಸೂರ್ಯ, ಮಧ್ಯಾಹ್ನಕ್ಕೆ ಪೂರ್ತಿ ಸೂರ್ಯ, ಸಂಜೆಗೆ ದೀಪ. ಹಲ್ಲಿಲ್ಲದವರಿಗೆ ಒಂದು ಗುಂಡುಕಲ್ಲು, ಕುಟ್ಟಿಕೊಳ್ಳಲಿ ಎಂದು. ಈಗ ಎಲ್ಲ ಅಚ್ಚಿನ ಚೀಟಿ. ಹೊಸ ಹುಡುಗಿಗೆ ಹೇಳುತ್ತೇನೆ, ಚೀಟಿ ಅಂಟಿಸು, ಆದರೆ ಚಿತ್ರ ಬಿಡಬೇಡ.

ಇನ್ನು ಸಿದ್ದಮ್ಮನ ವಿಷಯ. ಇದಕ್ಕಾಗಿಯೇ ಬರೆಯಲು ಕುಳಿತದ್ದು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದೆ.

ಸಿದ್ದಮ್ಮ ಬನ್ನೂರಿನ ಆಚೆಯ ಹಳ್ಳಿಯವಳು. ಗದ್ದೆ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಗಂಡನಿಲ್ಲ, ತಮ್ಮ ಮಾದೇವನ ಮನೆಯ ಪಕ್ಕದಲ್ಲೇ ಒಂದು ಕೋಣೆ. ಮಂಡಿ ಊದಿಕೊಂಡು ನರಸೀಪುರದ ಗುರುವಾರದ ಬೆಂಚಿಗೆ ಬಂದಾಗ ಮೊದಲು ಹೇಳಿದ್ದೇ, "ಕೆಸರಲ್ಲಿ ಬಗ್ಗಕಾಯ್ತಿಲ್ಲ ಕಣಕ್ಕ. ಮಂಡಿ ಓದ್ರೆ ನನ್ ಕೂಲೀನೂ ಓಯ್ತು. ಅದೇನ್ ಕೊಡ್ತಾರೋ ಬಿರ್ರನೆ ಕೊಡಾಕೇಳು" ಎಂದು. ನಮ್ಮ ಔಷಧಿ ಬಿರ್ರನೆ ಕೆಲಸ ಮಾಡುವುದಿಲ್ಲ. ಅಮ್ಚಿ ಅದನ್ನು ಹೇಳಿದರು, ನಾನು ತಿರುಗಿಸಿ ಹೇಳಿದೆ. ಮೂರು ತಿಂಗಳು ಬಂದಳು, ಆಮೇಲೆ ನಿಂತಳು.

ಒಂದು ವರ್ಷ ಕಳೆದು ಮತ್ತೆ ಬಂದಳು. ಮುಖ ದುಂಡಗೆ ಊದಿ ಹೊಳೆಯುತ್ತಿತ್ತು. ಕೈ ಕಾಲು ಸಣ್ಣಗಾಗಿದ್ದವು, ಮುಂಗೈಯಲ್ಲಿ ಅಲ್ಲಲ್ಲಿ ನೀಲಿ ಕಲೆ. "ನೋವೇ ಇಲ್ಲ ಕಣಕ್ಕ. ಈ ಸಲ ಎಲ್ರಿಗಿಂತ ಮುಂದೆ ನಾಟಿ ಮಾಡೀವ್ನಿ. ನಿಮ್ ಗುಳಿಗೇನೇ, ಆದ್ರೆ ಬನ್ನೂರ್ ಸಂತೇಲಿ ತಕತೀನಿ. ಇಲ್ಲೀಗಿಂತ ಅಲ್ಲೀದು ಚುರುಕು. ಈಗ ಒಸಿ ಸುಸ್ತು ಅಂತ ಬಂದೆ" ಎಂದಳು. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ನಮ್ಮ ಗುಳಿಗೆಯ ಹಾಗೆಯೇ ಕಂದು ಉಂಡೆ. ಸಂತೆಯಲ್ಲಿ ಯಾರೋ ಹೊರಗಿನವನು ಟಿಬೆಟ್ ಗುಳಿಗೆ ಎಂದು ಡಬ್ಬಿಯಲ್ಲಿಟ್ಟು ಮಾರುತ್ತಿದ್ದನಂತೆ.

ಅಮ್ಚಿ ನಾಡಿ ಹಿಡಿದರು. ಬಹಳ ಹೊತ್ತು ಹಿಡಿದರು. ಗುಳಿಗೆಯೊಂದನ್ನು ಮೂಸಿ ನೋಡಿ ಅವಳ ಕೈಗೇ ಕೊಟ್ಟರು. ಹಿಂದಿಯಲ್ಲಿ ಅವರು ಹೇಳಿದ್ದು ಎರಡೇ ಮಾತು. "ಇದು ನಮ್ಮದಲ್ಲ. ಇವಳು ಇದನ್ನು ಹಿಡಿದುಕೊಂಡು ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಲಿ."

ನನಗೆ ಸಿಟ್ಟು ನೆತ್ತಿಗೇರಿತ್ತು. ನಮ್ಮ ಹೆಸರಿನಲ್ಲಿ ವಿಷ ಮಾರುತ್ತಿದ್ದಾನೆ ಎಂದು. ನಾಟಿ ಔಷಧಿಯಲ್ಲಿ ಸ್ಟೀರಾಯ್ಡ್ ಬೆರೆಸುತ್ತಾರೆ ಅನ್ನುವುದನ್ನು ಪೇಪರಿನಲ್ಲಿ ಓದಿದ್ದೆ. ಆ ದುಂಡು ಮುಖವನ್ನು ನೋಡಿ ಅದೇ ಎಂದು ನನಗೆ ಅನ್ನಿಸಿತ್ತು. ಬಿ.ಎಸ್ಸಿ. ಓದಿದವಳು, ಹದಿನೈದು ವರ್ಷ ಅಮ್ಚಿಯ ಪಕ್ಕ ಕುಳಿತವಳು, ನನಗೆ ಗೊತ್ತಿಲ್ಲವೇ? ಸಿದ್ದಮ್ಮನ ಕಡೆ ತಿರುಗಿ ಹೇಳಿದೆ: "ಇದು ನಮ್ದಲ್ಲ ಸಿದ್ದಮ್ಮ, ವಿಷ. ಇನ್ನೊಂದು ಗುಳಿಗೆ ಬಾಯಿಗೆ ಹಾಕ್ಕೋಬೇಡ. ಹೋಗ್ತಾ ಎಲ್ಲಾನೂ ಹೊಳೆಗೆ ಎಸೆದುಬಿಡು."

ಆಸ್ಪತ್ರೆಯ ಮಾತು ಹೇಳಲಿಲ್ಲ. ಯಾಕೆ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ವಿಷ ನಿಲ್ಲಿಸಿದ ಮೇಲೆ ಆಸ್ಪತ್ರೆ ಏಕೆ ಎಂದುಕೊಂಡೆನೋ, ಅಥವಾ ಅಲ್ಲಿಗೆ ಹೋದರೆ ನಮ್ಮನ್ನೇ ಬಯ್ಯುತ್ತಾರೆ ಎಂದುಕೊಂಡೆನೋ. ಅಮ್ಚಿ ಹೇಳಿದ್ದರಲ್ಲಿ ಒಂದನ್ನು ನುಂಗಿದೆ, ಹೇಳದೆ ಇದ್ದದ್ದೊಂದನ್ನು ಸೇರಿಸಿದೆ. ಅವರು ಅಷ್ಟರಲ್ಲಿ ಮುಂದಿನ ರೋಗಿಯ ಬಟ್ಟಲು ನೋಡುತ್ತಿದ್ದರು. ನಮ್ಮ ಕುರ್ಚಿಯ ಅಧಿಕಾರ ಅದು. ನಡುವೆ ಕುಳಿತವಳು ಏನು ಹೇಳಿದಳು ಎಂದು ಎರಡು ಕಡೆಯವರಿಗೂ ಗೊತ್ತಾಗುವುದಿಲ್ಲ.

ಭಾನುವಾರ ಬೆಳಗ್ಗೆ ನಾನು ನಂಜನಗೂಡಿನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಫೋನು ಬಂತು. ಮಾದೇವ. ಹೋದ ವರ್ಷದ ಪೊಟ್ಟಣದ ಮೇಲಿದ್ದ ನಂಬರು ನೋಡಿ ಮಾಡಿದ್ದ. "ನಿನ್ ಮಾತ್ ಕೇಳ್ಕಂಡು ಗುಳಿಗೆ ಬುಟ್ಟು ನಮ್ಮಕ್ಕ ಸಾಯ್ತಾವ್ಳೆ ಕಣಮ್ಮಿ. ನರಸೀಪುರದ ಆಸ್ಪತ್ರೇಲವ್ಳೆ. ಬಾ ಇಲ್ಲಿಗೆ. ನೀ ಬರ್ದೆ ಓದ್ರೆ ನಾವೇ ಬತ್ತೀವಿ."

ಚಿಕಿತ್ಸಾಲಯಕ್ಕೆ ಓಡಿ, ಹೋದ ವರ್ಷ ಸಿದ್ದಮ್ಮನಿಗೆ ಅಮ್ಚಿ ಬರೆದ ಔಷಧಿಯ ಚೀಟಿ ಎತ್ತಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅಮ್ಚಿಗೆ ಫೋನು ಮಾಡಿದೆ, ಸಿಗಲಿಲ್ಲ. ನಮ್ಮ ಸಂಸ್ಥೆಯ ಆಡಳಿತಾಧಿಕಾರಿಗೆ ಮಾಡಿದೆ. ಅವರು, "ನಮ್ಮ ಹಳೇ ಚೀಟಿ ತೋರಿಸಿ, ಸಾಕು. ಗುರುವಾರ ಆಕೆಗೆ ನಾವು ಏನೂ ಕೊಟ್ಟಿಲ್ಲ ಅಲ್ವಾ? ಅಷ್ಟೇ ಹೇಳಿ. ಬೇರೆ ಬಾಯಿ ಬಿಡಬೇಡಿ ಸರೋಜಮ್ಮ. ಕ್ಲಿನಿಕ್ ಮುಚ್ಚಿಸಿಬಿಡ್ತಾರೆ" ಎಂದರು.

ಆಸ್ಪತ್ರೆಯ ಅಂಗಳದಲ್ಲಿ ಆರೇಳು ಗಂಡಸರು ನಿಂತಿದ್ದರು. "ಇವ್ಳೇ ಕಣ್ಲಾ" ಎಂದು ಯಾರೋ ಅಂದರು. ಒಬ್ಬ ಬೈಕನ್ನು ಅಡ್ಡ ನಿಲ್ಲಿಸಿದ. ಮಾದೇವ ಬಂದು ನನ್ನ ಮಣಿಕಟ್ಟು ಹಿಡಿದ. ಅಮ್ಚಿ ಮೂರು ಬೆರಳು ಇಡುವ ಜಾಗದಲ್ಲೇ ಹಿಡಿದಿದ್ದ. ಅವನ ಹಿಡಿತದ ಕೆಳಗೆ ನನ್ನದೇ ನಾಡಿ ಹೊಡೆದುಕೊಳ್ಳುವುದು ನನಗೆ ತಿಳಿಯುತ್ತಿತ್ತು.

"ಅದೇನ್ ಕೊಟ್ಟೆ ನಮ್ಮಕ್ಕಂಗೆ, ಯೋಳು."

"ಡಾಕ್ಟ್ರ ಹತ್ರ ಹೇಳ್ತೀನಿ ಮಾದೇವ. ಬಿಡು. ನೀನು ಹಿಡ್ಕೊಂಡಷ್ಟೂ ಹೊತ್ತು ಅವಳಿಗೆ ಲೇಟು."

"ಆಮ್ಯಾಕೆ ತಪ್ಪಿಸ್ಕಬೇಕು ಅಂದ್ಕಂಡ್ರೆ ಇಲ್ಲೇ ಊತಾಕ್ಬುಡ್ತೀವಿ."

"ಎಲ್ಲಿಗೂ ಹೋಗಲ್ಲ. ನೀನೂ ಬಾ ಒಳಕ್ಕೆ."

ಬಿಟ್ಟ. ಕೈ ಮರಗಟ್ಟಿತ್ತು.

ಒಳಗೆ ಸಿದ್ದಮ್ಮ ಮಂಚದ ಮೇಲೆ ಕಣ್ಣು ಅರ್ಧ ಮುಚ್ಚಿ ಬಿದ್ದಿದ್ದಳು. ಎರಡು ದಿನದಿಂದ ವಾಂತಿ, ಬಿ.ಪಿ. ಕೈಗೆ ಸಿಗುತ್ತಿಲ್ಲ ಎಂದು ನರ್ಸ್ ಹೇಳುತ್ತಿದ್ದಳು. ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ನನ್ನ ಕೈಯಲ್ಲಿದ್ದ ಚೀಟಿಯನ್ನು ನೋಡಿ, "ಏನಮ್ಮ ಇದು, ಬೇರು ನಾರು ಕೊಟ್ಟು ಇಲ್ಲಿಗೆ ತಂದು ಹಾಕ್ತೀರಲ್ಲ. ಏನು ತಿನ್ನಿಸಿದ್ರಿ ಇವರಿಗೆ?" ಎಂದರು.

ಚೀಟಿಯಲ್ಲಿ ಬೇರು ನಾರೇ ಇತ್ತು. ಅದನ್ನು ಕೊಟ್ಟು ಸುಮ್ಮನಿದ್ದಿದ್ದರೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಅವರು ಅದರಲ್ಲೇ ಹುಡುಕುತ್ತಾ ಕೂರುತ್ತಿದ್ದರು, ಸಿದ್ದಮ್ಮ ಅಷ್ಟರಲ್ಲಿ ಹೋಗಿಬಿಡುತ್ತಿದ್ದಳು.

"ಇದಲ್ಲ ಡಾಕ್ಟ್ರೇ. ಸಂತೆಯಲ್ಲಿ ಒಂದು ಗುಳಿಗೆ ತಗೊಳ್ತಿದ್ರು. ಅದರಲ್ಲಿ ಸ್ಟೀರಾಯ್ಡ್ ಇರಬೇಕು ಅಂತ ನನಗೆ ಅನುಮಾನ. ಗುರುವಾರ ಮುಖ ನೋಡಿದೆ, ಮುಂಗೈ ನೋಡಿದೆ."

"ಎಷ್ಟು ದಿನದಿಂದ?"

"ಹತ್ತಿರ ಹತ್ತಿರ ವರ್ಷ."

"ನಿಲ್ಲಿಸಿದ್ದು ಯಾವಾಗ?"

"ಗುರುವಾರ. ನಾನೇ ನಿಲ್ಲಿಸು ಅಂದೆ. ಅಮ್ಚಿ ಹೇಳಿರಲಿಲ್ಲ. ಅವರು ಆಸ್ಪತ್ರೆಗೆ ಹೋಗಲಿ ಅಂದಿದ್ರು, ಅದನ್ನ ನಾನು ಇವಳಿಗೆ ಹೇಳಲಿಲ್ಲ."

ಮಾದೇವ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದ. ಡಾಕ್ಟರು ನನ್ನ ಮುಖವನ್ನೂ ನೋಡದೆ ನರ್ಸಿಗೆ ಒಂದು ಇಂಜೆಕ್ಷನ್ ಹೆಸರು ಹೇಳಿದರು. ಡ್ರಿಪ್ ಜೋರು ಮಾಡಿಸಿದರು. ಆಮೇಲೆ ತಿರುಗಿ ಹೇಳಿದರು: "ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದವರಿಗೆ ಒಂದೇ ಸಲ ನಿಲ್ಲಿಸಬಾರದಮ್ಮ. ಮೈ ತನಗೆ ಬೇಕಾದ ಸ್ಟೀರಾಯ್ಡನ್ನ ತಾನೇ ಮಾಡಿಕೊಳ್ಳೋದನ್ನ ಮರೆತುಬಿಟ್ಟಿರುತ್ತೆ. ಸ್ವಲ್ಪ ಸ್ವಲ್ಪ ಇಳಿಸಬೇಕು. ಆ ಗುಳಿಗೆ ಎಲ್ಲಿದೆ?"

"ಹೊಳೆಗೆ ಎಸಿ ಅಂದಿದ್ದೆ."

ಅವರು ಮತ್ತೆ ಬಿ.ಪಿ. ನೋಡಲು ಮಂಚದ ಕಡೆ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಸಿದ್ದಮ್ಮ ನೀರು ಕೇಳಿದಳು. ಮಾದೇವನೇ ಲೋಟ ಹಿಡಿದ. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಯಾರೂ ಹೊಡೆಯಲಿಲ್ಲ. ಆದರೆ ಇವತ್ತಿಗೂ ಬಳೆ ಬಿಗಿಯಾದರೆ ಆ ಅಂಗಳದಲ್ಲಿ ನಿಂತ ಹಾಗಾಗುತ್ತದೆ. ಬಳೆ ಹಾಕುವುದನ್ನೇ ಬಿಟ್ಟಿದ್ದೇನೆ.

ಮರುದಿನ ಅಮ್ಚಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. "ನಾನು ನಿನ್ನ ಬಾಯಿಂದ ಮಾತಾಡುತ್ತೇನೆ. ಆ ಬಾಯಿಯ ಮೇಲೆ ನಾನೂ ಕಣ್ಣಿಡಬೇಕಿತ್ತು" ಎಂದರು. ಬಯ್ದಿದ್ದರೆ ವಾಸಿಯಿತ್ತು. ಆಡಳಿತಾಧಿಕಾರಿ ಮಾತ್ರ ಒಂದು ಟೈಪ್ ಮಾಡಿದ ಹಾಳೆ ಕಳಿಸಿದರು. ರೋಗಿ ತಾನಾಗಿಯೇ ಗುಳಿಗೆ ನಿಲ್ಲಿಸಿದಳು, ಸಂಸ್ಥೆಗೆ ಇದರ ಬಗ್ಗೆ ತಿಳಿದಿರಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಸಹಿ ಮಾಡಲಿಲ್ಲ. ಫೋನಿನಲ್ಲಿ, "ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದರು. "ನನ್ನ ಒಳ್ಳೇದು ನನಗೆ ಬಿಡಿ ಸರ್" ಎಂದೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಹಿಂದಿನ ಕೋಣೆಗೆ ಹಾಕಿದರು, ಪೊಟ್ಟಣ ಕಟ್ಟಲು. ಕುರ್ಚಿಗೆ ಹಿಂದಿ ಬಲ್ಲ ಒಬ್ಬ ಹೊಸಬ ಬಂದ.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ನರಸೀಪುರದಲ್ಲಿ ಹೊರಗಿನ ಕೋಣೆಯಲ್ಲಿ ಗಲಾಟೆ ಕೇಳಿಸಿತು. ಸಿದ್ದಮ್ಮನ ದನಿ.

"ಈವಯ್ಯನ್ ತಾವ ನಾ ಯೋಳಾಕಿಲ್ಲ. ಆಯಮ್ಮನ್ನ ಕರೀರಿ."

"ಅವ್ರಿಂದಾನೇ ಅಲ್ವೇನಮ್ಮ ನಿಮಗೆ ಹಾಗಾಗಿದ್ದು?" ಎಂದ ಹೊಸಬ.

"ಊಂ, ಅವಳಿಂದ್ಲೇ. ತಪ್ಪು ಮಾಡ್ದೆ ಅಂತ ನನ್ ತಮ್ಮನ್ ಮುಂದೇನೇ ಒಪ್ಕಂಡವ್ಳೆ. ನೀ ಒಪ್ಕತೀಯೋ ಇಲ್ವೋ ನಂಗೇನ್ ಗೊತ್ತು? ಕರೀ ಅಂದ್ರೆ ಕರಿಯಪ್ಪ."

ಅಮ್ಚಿ ತಾವೇ ಎದ್ದು ಬಂದು ಹಿಂದಿನ ಕೋಣೆಯ ಪರದೆ ಸರಿಸಿದರು. ನಾನು ಹೋಗಿ ನಿಂತೆ. ಸಿದ್ದಮ್ಮನ ಮುಖದ ಊತ ಇಳಿದಿತ್ತು, ಕೈಗೆ ಊರುಗೋಲು ಬಂದಿತ್ತು. ಅವಳು ಚೀಲವನ್ನು ಮೇಜಿನ ಮೇಲೆ ಸುರಿದಳು. ಆಸ್ಪತ್ರೆಯ ಮಾತ್ರೆ, ನಂಜುಂಡನ ವಿಭೂತಿ, ಎಲೆ ಅಡಿಕೆ, ಒಂದು ಸುಣ್ಣದ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ನಾಲ್ಕು ಕಂದು ಉಂಡೆ.

"ಒಳೆಗೆ ಎಸಿ ಅಂದೆ ನೀನು. ನಂಗೆ ಮನಸ್ ಬರ್ಲಿಲ್ಲ ಕಣಕ್ಕ. ನಾಟಿ ಟೈಮ್ಗೆ ಇರ್ಲಿ ಅಂತ ನಾಕ ಮಡಿಕಂಡಿದ್ದೆ. ನೀ ಯೋಳ್ದಂಗೇ ಕೇಳ್ಬುಟ್ಟಿದ್ರೆ ಇದೂ ಇರ್ತಿರ್ಲಿಲ್ಲ."

ಆ ನಾಲ್ಕು ಉಂಡೆ ಹಿಡಿದುಕೊಂಡು ಔಷಧ ನಿಯಂತ್ರಣದವರ ಕಚೇರಿಗೆ ದೂರು ಕೊಡಲು ನಾನೂ ಅಮ್ಚಿಯೂ ಮೈಸೂರಿನ ಬಸ್ಸು ಹತ್ತಿದೆವು. ಆಡಳಿತಾಧಿಕಾರಿಗೆ ವಾಸನೆ ಬಡಿದು ಫೋನಿನ ಮೇಲೆ ಫೋನು. ಗುಳಿಗೆ ಕೊಟ್ಟರೆ ಹೇಳಿಕೆಯನ್ನೂ ಕೊಡಬೇಕಾಗುತ್ತದೆ, ನಮ್ಮ ಹೆಸರು ಪೇಪರಿಗೆ ಬರುತ್ತದೆ ಎಂದು. ಬರಲಿ ಎಂದು ಫೋನು ಆಫ್ ಮಾಡಿದೆ. ಆ ಕಚೇರಿಯ ಅಧಿಕಾರಿ ನನ್ನ ಹೇಳಿಕೆಯನ್ನು ಎರಡು ಸಲ ಓದಿ, ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿದರು. "ಇದು ಬೇಕಾ ಮೇಡಂ? ನೀವು ನಿಲ್ಲಿಸು ಅಂದಿದ್ದು? ಇದಿಲ್ಲದಿದ್ರೂ ಮಾರಿದವನ ಮೇಲೆ ಕೇಸ್ ಆಗುತ್ತೆ."

"ಇರಲಿ ಸರ್. ಅದು ತೆಗೆದರೆ ಮಿಕ್ಕಿದ್ದನ್ನೂ ನಂಬಬೇಡಿ."

ಗುಳಿಗೆಯಲ್ಲಿ ಸ್ಟೀರಾಯ್ಡ್ ಇದೆ ಎಂದು ವರದಿ ಬಂತು. ಸಂತೆಯ ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಪೇಪರಿನಲ್ಲಿ ನಮ್ಮ ಚಿಕಿತ್ಸಾಲಯದ ಹೆಸರೂ ಬಂತು. ಕೆಲವು ವಾರ ಬೆಂಚು ಖಾಲಿಯಿತ್ತು, ಆದರೆ ಚಿಕಿತ್ಸಾಲಯ ಮುಚ್ಚಲಿಲ್ಲ. ನನ್ನನ್ನು ತೆಗೆಯುವ ಮಾತು ಬಂದಾಗ, ಇವಳು ಹೋದರೆ ನಾನೂ ಇಲ್ಲ ಎಂದು ಅಮ್ಚಿ ಬರೆದುಕೊಟ್ಟರಂತೆ. ನನಗೆ ಅದನ್ನು ಅವರು ಹೇಳಲೇ ಇಲ್ಲ.

ಸೊಪ್ಪು ಬೇರು ಅಂದರೆ ಏನೂ ಮಾಡುವುದಿಲ್ಲ, ಒಗ್ಗದಿದ್ದರೆ ಬಿಟ್ಟರಾಯಿತು ಎಂದು ನಿಮಗೆ ಹೇಳುವವರು ಸಿಗುತ್ತಾರೆ. ನಂಬಬೇಡಿ. ಇದೆಲ್ಲ ಮೋಸ, ಗುಳ್ಳೆ ನೋಡಿ ರೋಗ ಹೇಳುತ್ತಾರಂತೆ ಎಂದು ನಗುವವರೂ ಸಿಗುತ್ತಾರೆ. ಅವರಿಗೂ ಹೆದರಬೇಡಿ. ಸಿದ್ದಮ್ಮನನ್ನು ಮೊದಲು ಆಸ್ಪತ್ರೆಗೆ ಕಳಿಸಿ ಎಂದವರು ಆ ಗುಳ್ಳೆ ನೋಡುವವರೇ. ತಡೆದದ್ದು ನಾನು, ವಿಜ್ಞಾನ ಓದಿದವಳು. ಸಿದ್ದಮ್ಮ ಚೀಲ ಸುರಿದ ಮೇಲೆ, ನನ್ನ ಕಾಲ ಮುಗಿಯುವ ತನಕ ಪ್ರತಿ ರೋಗಿಯ ಚೀಲವನ್ನೂ ಮೇಜಿನ ಮೇಲೆ ಸುರಿಸುತ್ತಿದ್ದೆ. ಬೇರೆ ಏನು ತಿನ್ನುತ್ತಿದ್ದೀರಿ, ಎಲ್ಲಿಂದ, ಎಷ್ಟು ದಿನದಿಂದ. ಒಬ್ಬೊಬ್ಬರಿಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತಿತ್ತು. ಹೊಸ ಪುಸ್ತಕದಲ್ಲಿ ಆ ಪ್ರಶ್ನೆ ಇಲ್ಲ ಎಂದು ಕೇಳಿದೆ. ಸಮಯ ಹಾಳು ಎಂದು ತೆಗೆದರಂತೆ. ಕೇಳಮ್ಮ, ಬೈಸಿಕೊಂಡಾದರೂ ಕೇಳು.

ಸಿದ್ದಮ್ಮ ಮತ್ತೆ ಕೆಸರಿಗೆ ಇಳಿಯಲಿಲ್ಲ. ಈಗ ಬದುವಿನ ಮೇಲೆ ಕುಳಿತು ಪೈರಿನ ಕಟ್ಟು ಎಣಿಸಿಕೊಡುತ್ತಾಳೆ, ಅರ್ಧ ಕೂಲಿಗೆ. ನಿನ್ನನ್ನು ಕ್ಷಮಿಸಿದೆ ಎಂದು ಅವಳು ಯಾವತ್ತೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಮೈಸೂರಿಗೆ ಹೋಗಿ ಬಂದ ಮುಂದಿನ ಗುರುವಾರ ಅಮ್ಚಿ ನನ್ನನ್ನು ಮತ್ತೆ ಆ ಕುರ್ಚಿಯಲ್ಲಿ ಕೂರಿಸಿದರು. ಮೊದಲ ರೋಗಿ ಸಿದ್ದಮ್ಮನೇ. ಅವರು ನಾಡಿ ಹಿಡಿದು ಹಿಂದಿಯಲ್ಲಿ ನಾಲ್ಕು ಮಾತು ಹೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸಿದ್ದಮ್ಮ ಊರುಗೋಲಿನಿಂದ ಮೇಜಿನ ಕಾಲನ್ನು ತಟ್ಟಿದಳು.

"ಅಕ್ಕೋ, ಮೊದ್ಲು ಅವ್ರ್ ಅಂದದ್ದಷ್ಟೇ ಯೋಳು. ನಿಂದೇನಾರ ಇದ್ರೆ ಆಮ್ಯಾಕೆ, ನಿಂದು ಅಂತ ಯೋಳು."

ನಾಲ್ಕು ಮಾತನ್ನೂ ಹೇಳಿದೆ. ಆಮೇಲೆ, ಇದು ನನ್ನದು ಸಿದ್ದಮ್ಮ ಎಂದು ಐದನೆಯದನ್ನು ಹೇಳಿದೆ.